ಇರುವೆಗೂ ಗೊತ್ತಾಯಿತು

ಇರುವೆಯೊಂದು ಗೋಡೆಯ ಮೇಲೆ, ಹಸಿರು ಬಣ್ಣ ಮುಗಿದು ಬಿಳಿ ಬಣ್ಣ ಶುರುವಾಗುವ ಗೆರೆಯ ಮೇಲೇ ನೆಟ್ಟಗೆ ಹೊರಟಿದೆ, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ, ಕರಿ ಇರುವೆ, ಕಚ್ಚದ ಜಾತಿಯದು, ಒಂದೇ ಒಂದು, ಇದರ ಬಳಗವೆಲ್ಲ ಎಲ್ಲಿ ಹೋಯಿತೋ — ಆಸ್ಪತ್ರೆಯಲ್ಲಿ ಇರುವೆ ಇರಬಾರದು, ಸಪ್ನಾ ಸಿಸ್ಟರ್ ನೋಡಿದರೆ ಫಿನಾಯಿಲ್ ತಂದು ಗೋಡೆಗೇ ಸ್ನಾನ ಮಾಡಿಸುತ್ತಾಳೆ, ಹೋಗವ್ವ, ಬೇಗ ಹೋಗು. ನನ್ನ ಕಾಲು ಎಲ್ಲಿವೆ, ಬೆನ್ನಿಗೆ ಸೂಜಿ ಕೊಟ್ಟ ಮೇಲೆ ಸೊಂಟದಿಂದ ಕೆಳಗಿನದೆಲ್ಲ ಬೇರೆ ಯಾರದೋ ಸಾಮಾನು, ನಾನಿರುವುದು ಮೇಲೆ ಮಾತ್ರ, ರೇಣು, ನೇಸರಗಿಯ ರೇಣು ಬ್ಯೂಟಿ ಪಾರ್ಲರಿನ ಒಡತಿ, ಇವತ್ತು ಬೆಳಿಗ್ಗೆಯಿಂದ ಬೈಲಹೊಂಗಲದ ಈ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಕೂಸಿನ ತಾಯಿ. ತಾಯಿ ಎಂದುಕೊಂಡರೆ ನಗು ಬರುತ್ತದೆ, ಹೊಟ್ಟೆಯ ಹತ್ತಿರ ಜೀವ ಮರಳಿ ಬರುತ್ತಿದೆ, ನಕ್ಕರೆ ಹೊಲಿಗೆ ಚುರ್ ಎನ್ನುತ್ತದೆ, ಅದಕ್ಕೇ ನಗಬಾರದು, ಇರುವೆಯನ್ನು ನೋಡುತ್ತಿರಬೇಕು, ಕೂಸಿನ ಕಡೆ ನೋಡಬಾರದು, ನೋಡಿದರೆ ಮತ್ತೆ ಆ ಹಿಮ್ಮಡಿ ಕಾಣುತ್ತದೆ, ಸಿಸ್ಟರ್ ಸೂಜಿ ಚುಚ್ಚಿ ಹನಿ ರಕ್ತ ತೆಗೆದ ಹಿಮ್ಮಡಿ, ಈಗ ಅದರ ಮೇಲೊಂದು ಹತ್ತಿಯ ಚೂರು. ಸಕ್ಕರಿ ಕಡಿಮಿ ಐತಿ, ಅಂದಳು ಸಪ್ನಾ ಸಿಸ್ಟರ್, ಅಂಗೈಯಗಲದ ಮಷೀನನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂವತ್ತೆರಡು, ನಲವತ್ತೈದರ ಮ್ಯಾಲ ಇರಬೇಕು. ಯಾರಿಗ್ರಿ, ನನಗೇನ್ರಿ, ಎಂದು ಕೇಳಿದೆ, ನಾನೆಂಥ ದಡ್ಡಿ, ಚುಚ್ಚಿದ್ದು ಅದಕ್ಕೆ, ಬಂದದ್ದು ಅದರ ರಕ್ತ, ಆದರೂ ಸಕ್ಕರೆ ಎಂದರೆ ನನ್ನದೇ ಎಂದು ಇಷ್ಟು ತಿಂಗಳು ರೂಢಿಯಾಗಿದೆ. ನಿಮಗಲ್ಲರಿ, ಕೂಸಿಗೆ, ಅಂದಳು. ಒಂದು ತಾಸು ಬಿಟ್ಟು ಮತ್ತೆ ನೋಡುತ್ತಾರಂತೆ. ಆ ತಾಸು ಈಗ ನಡೆಯುತ್ತಿದೆ, ಇರುವೆಯಷ್ಟೇ ನಿಧಾನವಾಗಿ.

ಇದೆಂಥ ತಮಾಷೆ, ಇಷ್ಟು ದಿನ ನನ್ನದು ಹೆಚ್ಚು ಹೆಚ್ಚು ಎಂದು ಓಣಿಗೆಲ್ಲ ಡಂಗುರ, ಈಗ ನನ್ನ ಹೊಟ್ಟೆಯಿಂದಲೇ ಹೊರಬಿದ್ದವಳದು ಕಡಿಮೆ — ಆರನೇ ತಿಂಗಳಿನಲ್ಲಿ ಗ್ಲುಕೋಸ್ ನೀರು ಕುಡಿಸಿ ರಕ್ತ ತೆಗೆದರಲ್ಲ, ಅದೇ ನಾನು ಕುಡಿದ ಕೊನೆಯ ಸಿಹಿ, ಗೊತ್ತಿದ್ದರೆ ಇನ್ನಷ್ಟು ನಿಧಾನವಾಗಿ ಕುಡಿಯುತ್ತಿದ್ದೆ, ಬಸುರ್ಯಾಗ ಬರೂ ಸಕ್ಕರಿ ಇದು, ಅಂದರು ನಮ್ಮ ಲೇಡಿ ಡಾಕ್ಟರು, ಡಾಕ್ಟರ್ ಬಾಯಿ, ಹಡದ ಮ್ಯಾಲ ಹೋಗತೈತಿ, ಅಲ್ಲೀತನಕ ಬಾಯಿ ಕಟ್ಟರಿ. ಬಾಯಿ ಕಟ್ಟಿದೆ. ರೊಟ್ಟಿ, ಪಲ್ಯ, ಹೆಸರುಕಾಳು, ಮತ್ತೆ ರೊಟ್ಟಿ, ಉಂಡ ಮೇಲೆ ನಡೆಯಬೇಕು, ನಾನು ಮುಂದೆ, ಅತ್ತೆ ಸಿದ್ದಲಿಂಗವ್ವ ಹಿಂದೆ, ಎಮ್ಮೆ ಹೊಡೆದುಕೊಂಡು ಹೋಗುವ ಹಾಗೆ, ದಿನಾ ಬೆರಳು ಚುಚ್ಚಿಕೊಳ್ಳಬೇಕು, ಒಂದು ದಿನ ಅತ್ತೆ ತಮ್ಮ ಬೆರಳನ್ನೂ ಮುಂದೆ ಮಾಡಿದರು, ನಂದೂ ನೋಡ, ಅವರದು ಚಲೋ ಬಂತು, ಸಂಜೆಯೊಳಗೆ ಓಣಿಯ ಕಟ್ಟೆಗಳಿಗೆಲ್ಲ ಅದು ಗೊತ್ತಾಯಿತು. ಆಮೇಲೆ ಕುಬಸ, ಬಸುರಿಯ ಸೀಮಂತ. ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸಿ ಮಣೆಯ ಮೇಲೆ ಕೂಡಿಸಿದರು, ಎದುರಿಗೆ ಪುಡಿಪುಡಿ ಮಾದಲಿ, ಶೇಂಗಾ ಹೋಳಿಗೆ, ಬುಂದೆ ಉಂಡೆ, ಕರಿಗಡಬು, ಮೂಗು ಮುಚ್ಚಿಕೊಂಡರೂ ವಾಸನೆ ಕಣ್ಣಿನಿಂದ ಒಳಗೆ ಬರುತ್ತಿತ್ತು, ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಬಾಯಿಗೆ ತುತ್ತಿಡುವವರು, ಬೇಡ ಎಂದರೆ ಶುಭಕಾರ್ಯದಲ್ಲಿ ಮುಖ ಮುರಿದ ಹಾಗೆ, ತಿಂದರೆ ಡಾಕ್ಟರ್ ಬಾಯಿ ಬಿಡುವುದಿಲ್ಲ, ಏನು ಮಾಡಿದೆ, ತುತ್ತು ಬಂದಾಗೆಲ್ಲ ಸೆರಗು ಅಡ್ಡ ಹಿಡಿದು ನಾಚಿದಂತೆ ತಲೆ ಬಗ್ಗಿಸಿ ಮೆಲ್ಲಗೆ ಉಡಿಯೊಳಗೆ ಇಳಿಸಿದೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಮೊದಲೇ ತುಂಬಿದ್ದರು, ಒಂದು ಉಂಡೆ ಹೆಚ್ಚಾದರೆ ಯಾರಿಗೆ ತಿಳಿಯುತ್ತದೆ. ಇಷ್ಟ ನಾಚಾಕಿ ಅಲ್ಲಲ್ಲ ಇಕಿ, ಎಂದು ಫೋಟೊ ತೆಗೆಯುತ್ತಿದ್ದ ನನ್ನ ಗಂಡ ಕಾಂತೇಶನಿಗೆ ಅನುಮಾನ. ಆರತಿಯ ಹೊತ್ತಿಗೆ ತೊಡೆಯ ಮೇಲೆ ಕಚಗುಳಿ, ಬಗ್ಗಿ ನೋಡಿದರೆ ಇರುವೆಯ ಸಾಲು, ಮಣೆ ಹತ್ತಿ, ಸೀರೆಯ ಅಂಚು ಹಿಡಿದು, ನೆರಿಗೆ ಏರಿ ಸೀದಾ ಉಡಿಗೆ, ಕರಿ ಇರುವೆ, ಇದೇ ಜಾತಿಯವು, ಆರತಿ ತಟ್ಟೆ ಹಿಡಿದಿದ್ದ ಅತ್ತೆ ಇರುವೆ ನೋಡಿದರು, ಉಡಿ ನೋಡಿದರು, ನನ್ನ ಮುಖ ನೋಡಿದರು, ಹಾಡು ನಿಂತಿತು — ನೋಡ್ರೆವಾ, ಇಕಿ ಸಕ್ಕರಿ ಇರವಿಗೂ ಗೊತ್ತಾತು! ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು, ಉಡಿಯ ಗುಟ್ಟನ್ನು ಮಾತ್ರ ಅತ್ತೆ ಒಡೆಯಲಿಲ್ಲ, ರಾತ್ರಿ ಸೀರೆ ಬಿಚ್ಚಿಡುವಾಗ ಹೇಳಿದರು, ಉಂಡಿ ಹಾಕ್ಕೊಂಡಿದ್ದು ಚಲೋ ಮಾಡಿದಿ, ಆ ಮಾದಲಿ ಯಾಕ ಹಾಕ್ಕೊಂಡಿ, ಇದನ್ನ ಒಗಿಯಾಕಿ ನಾನು.

ಗೋಡೆಯ ಇರುವೆ ಕಿಟಕಿಯ ಚೌಕಟ್ಟಿಗೆ ಬಂದು ನಿಂತಿದೆ, ಯೋಚನೆ ಮಾಡುತ್ತಿದೆ, ಈ ಕಡೆ ಬಾ, ನನ್ನ ಕಡೆಯಲ್ಲ, ಅಲ್ಲಿ, ಅವ್ವನ ಮಡಿಲಿನಲ್ಲಿ ಬಟ್ಟೆ ಸುತ್ತಿಕೊಂಡಿರುವ ಆ ಕೂಸಿನ ಕಡೆ ಮೂಗು ತಿರುಗಿಸಿ ಹೇಳು, ಇವಳಲ್ಲಿ ಸಕ್ಕರೆ ಇದೆಯೋ ಇಲ್ಲವೋ, ಒಂದು ತಾಸು ಯಾಕೆ ಕಾಯಬೇಕು. ಸಪ್ನಾ ಸಿಸ್ಟರ್ ಎಷ್ಟು ಚೆಂದ ಹೇಳಿದಳು, ಮಂಚದ ಕಾಲಿಗೆ ಸೊಂಟ ಆನಿಸಿ ನಿಂತು, ಒಳಗ ಇದ್ದಾಗ ನಿಮ್ಮ ಸಕ್ಕರಿ ಹೊಕ್ಕಳಬಳ್ಳಿ ಹಿಡದು ಕೂಸಿಗೆ ಹೋಗತಿತ್ತರಿ, ಅದನ್ನ ಅರಗಸಾಕ ಕೂಸು ತನ್ನ ಇನ್ಸುಲಿನ್ ಭಾಳ ಮಾಡಿ ರೂಢಿ ಮಾಡಕೊಂಡೈತಿ, ಈಗ ಬಳ್ಳಿ ಕತ್ತರಿಸಿದ್ವಿ, ಸಕ್ಕರಿ ಬರೂದು ನಿಂತತಿ, ಇನ್ಸುಲಿನ್ ನಿಂತಿಲ್ಲ, ಹೆಂಗಂದ್ರ ಕಬ್ಬ ಮುಗದಾವು, ಗಾಣ ಇನ್ನೂ ತಿರಗಾಕ ಹತ್ತೇತಿ. ಹಂಗಾರ ಗಾಣಕ್ಕ ಕಬ್ಬ ಹಾಕಬೇಕು, ಅಂದರು ಅತ್ತೆ ತಕ್ಷಣ. ಹೌದ್ರಿ ಆಯಿ, ಎದಿಹಾಲ ಹಾಕಬೇಕು. ನಾನು ಬಾಯಿ ಕಟ್ಟಿದ್ದೆನಲ್ಲ ಸಿಸ್ಟರ್, ಒಂದು ಚೂರೂ ತಿಂದಿಲ್ಲ, ಬೇಕಾದರೆ ಇರುವೆಯನ್ನೇ ಕೇಳಿ ಎಂದು ಹೇಳಲು ಹೋದೆ, ಮದುಮಗಳ ಅಮ್ಮಂದಿರನ್ನೆಲ್ಲ ಮಾತಿನಲ್ಲೇ ಕೂಡಿಸಿ ಏಳಿಸುವವಳು ಅರ್ಧ ಮಾತಿಗೇ ಬಿಟ್ಟು ಹೊದಿಕೆಯ ಅಂಚು ಮಡಚತೊಡಗಿದೆ, ಆಕೆ ನನ್ನ ಭುಜ ಮುಟ್ಟಿ, ನಿಮ್ಮದೇನೂ ತಪ್ಪಿಲ್ಲರಿ, ಎಷ್ಟ ಕಟ್ಟುನಿಟ್ಟ ಇದ್ದರೂ ಕೆಲವು ಕೂಸಿಗೆ ಹಿಂಗ ಆಗತೈತಿ, ಅಂದಳು. ಬೆಳಿಗ್ಗೆ ತೂಕ ಮಾಡಿದಾಗ ಎಲ್ಲರಿಗೂ ಏನು ಹಿಗ್ಗು, ನಾಲ್ಕು ಕಿಲೋದ ಹತ್ತಿರ, ಕೆನ್ನೆ ಎಂದರೆ ಕೆನ್ನೆ, ತೋಳಿನಲ್ಲಿ ಮಡಿಕೆ, ಅವ್ವ ದೃಷ್ಟಿ ತೆಗೆಯಲು ಉಪ್ಪು ಹುಡುಕಿದಳು, ಮಲಗಿದ ಕೂಸನ್ನು ನೋಡಿ ಅವ್ವ, ಅತ್ತೆ ಇಬ್ಬರೂ, ಎಷ್ಟ ಶಾಣ್ಯಾ ಕೂಸು, ಅಳೂದಿಲ್ಲ ಕರಿಯೂದಿಲ್ಲ, ಬಂಗಾರದಂಥಾ ಕೂಸು, ಸಿಸ್ಟರ್ ಬಂದು ಅಂಗಾಲು ಚಿವುಟಿದಳು, ಕೂಸು ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು, ಶಾಣ್ಯಾ ಅಲ್ಲರಿ ಆಯಿ ಇದು, ಸಕ್ಕರಿ ಇಲ್ಲದ ಜೋಂಪು, ಮಲಗಾಕ ಬಿಡಬ್ಯಾಡ್ರಿ. ಡಾಕ್ಟರ್ ಬಾಯಿಯ ಮಾತು ಇನ್ನೂ ಚಿಕ್ಕದು, ಹಾಲು ಹೋಗಿ ಸಕ್ಕರೆ ಏರಿದರೆ ಇಲ್ಲೇ ತಾಯಿಯ ಹತ್ತಿರ, ಏರದಿದ್ದರೆ ಕೂಸಿಗೆ ಸಲೈನ್ ಹಚ್ಚಬೇಕು, ಬೆಳಗಾವಿಗೆ ಕಳಿಸಬೇಕು, ಅಂಬುಲೆನ್ಸಿಗೆ ಹೇಳಿಟ್ಟಿದ್ದೇನೆ. ಅದು ಬೆಳಗಾವಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ, ನಾನು ಇಲ್ಲಿ ಹೊಲಿಗೆ ಹಾಕಿಸಿಕೊಂಡು ಮಂಚದಲ್ಲಿ, ಅದರ ಹುಬ್ಬು ಹೇಗಿದೆ ಎಂದು ಸಹ ಇನ್ನೂ ಸರಿಯಾಗಿ ನೋಡಿಲ್ಲ ನಾನು, ಊರವರ ಹುಬ್ಬೆಲ್ಲ ನೋಡುತ್ತೇನೆ.

ಇಲ್ಲಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಇಬ್ಬರು ಅಜ್ಜಿಯರು, ನಡುವೆ ಎರಡು ಗಂಟು, ಒಂದು ನೇಸರಗಿಯದು ಒಂದು ನನ್ನ ತವರು ಸುರೇಬಾನದ್ದು, ಅವ್ವ ರಾಚವ್ವ ಬೆಳಗಿನ ಬಸ್ಸಿಗೆ ರಾಮದುರ್ಗಕ್ಕೆ ಬಂದು ಅಲ್ಲಿಂದ ಇಲ್ಲಿಗೆ, ಬಂದವಳೇ ಮೊದಲ ಮಾತು, ಚೊಚ್ಚಲ ಹೆರಿಗಿ ತವರಾಗ ಆಗಬೇಕಿತ್ತು ಬೀಗತಿ, ಮಂದಿ ಏನಂತಾರ, ಅತ್ತೆ ಬಿಟ್ಟಾರೆಯೇ, ಮಂದಿ ಬಂದು ಆಪರೇಷನ್ ಮಾಡತಾರೇನ ಬೀಗತಿ, ದವಾಖಾನಿ ಹತ್ರ ಇರಬೇಕಂತ ಡಾಕ್ಟರನ ಹೇಳ್ಯಾರ. ಅಷ್ಟಕ್ಕೇ ಮುಗಿಯಲಿಲ್ಲ, ಅವ್ವ ಗಂಟು ಬಿಚ್ಚಿ ಪುಟ್ಟ ಬಾಟಲಿ ತೆಗೆದಳು, ಹೆಜ್ಜೇನು, ತಾನೇ ಯಾರಿಗೋ ಹೇಳಿ ಬಿಡಿಸಿದ್ದು, ಕೂಸಿಗೆ ಮೊದಲ ಜೇನು ಯಾರ ಬೆರಳಿನಿಂದ ನೆಕ್ಕಿಸುತ್ತಾರೋ ಅವರ ಸ್ವಭಾವ ಕೂಸಿಗೆ ಬರುತ್ತದಲ್ಲ, ನಮ್ಮ ಕಡೆ ಎಲ್ಲರಿಗೂ ಗೊತ್ತು, ಅದಕ್ಕೇ ಜಗಳ, ಜಗಳವೂ ಎಂಥದು, ಪಿಸುಮಾತಿನಲ್ಲಿ, ಆಸ್ಪತ್ರೆ ಅಲ್ಲವೇ. ನಾ ನೆಕ್ಕಸತೇನಿ, ನಮ್ಮನ್ಯಾಗ ಶಾಂತ ಮಂದಿ, ಅಂದಳು ಅವ್ವ. ಶಾಂತ ಅಂದ್ರ ಹೆಂಗ, ಹೋದ ಸರತಿ ಬಸ್ಸಿನ ಕಂಡಕ್ಟರನ ಕಾಲರ್ ಹಿಡದಿದ್ರೆಲ್ಲ, ಹಂಗೇನ? ಅವ ಚಿಲ್ಲರ ಕೊಡಲಿಲ್ಲ, ನೀವೇನ ಕಡಿಮಿ, ನನ್ನ ಮಗಳ ಮದಿವ್ಯಾಗ ಬೀಗರ ಊಟದಾಗ ಹಪ್ಪಳ ಸಾಲಲಿಲ್ಲಂತ ಒಂದ ವರ್ಷ ಮಾತ ಬಿಟ್ಟಿದ್ರಿ. ಹಪ್ಪಳ ಸಾಲದಿದ್ದದ್ದು ಖರೇ ಅಲ್ಲೇನ? ಮಧ್ಯದಲ್ಲಿ ಕೂಸು ಯಾರ ಸ್ವಭಾವವೂ ಬೇಡ ಎಂದು ನಿದ್ದೆ, ಸಪ್ನಾ ಸಿಸ್ಟರ್ ಬಂದು ಬಾಟಲಿಯನ್ನೇ ಎತ್ತಿ ತನ್ನ ಕೋಟಿನ ಕಿಸೆಗೆ ಹಾಕಿಕೊಂಡಳು, ವರ್ಷ ತುಂಬೂತನಕ ಜೇನು ಮುಟ್ಟಸಬಾರದ್ರಿ, ಕೂಸಿಗೆ ಕೆಡತೈತಿ, ಮನಿಗೆ ಹೋಗಾಗ ಕೊಡತೇನಿ. ಇಬ್ಬರೂ ಒಟ್ಟಿಗೆ ಆ ಕಿಸೆಯನ್ನು ನೋಡಿದರು. ಅದೇ ಹೊತ್ತಿಗೆ ಕಾಂತೇಶ ಕಂಕುಳಲ್ಲಿ ಫ್ಲೆಕ್ಸಿನ ಸುರುಳಿ, ಕೈಯಲ್ಲಿ ಧಾರವಾಡ ಪೇಢೆಯ ದೊಡ್ಡ ಡಬ್ಬಿ, ನೇಸರಗಿಯಲ್ಲಿ ನನ್ನ ಪಾರ್ಲರಿನ ಪಕ್ಕದಲ್ಲೇ ಅವನ ಫ್ಲೆಕ್ಸ್ ಅಂಗಡಿ, ಊರಿನ ಎಲ್ಲ ಹುಟ್ಟುಹಬ್ಬದ ಮುಖಗಳೂ ಅವನ ಕೈಯಿಂದಲೇ ಬೆಳ್ಳಗಾಗಬೇಕು, ಸ್ವಂತ ಮಗಳಿಗೆ ಸುಮ್ಮನಿರುತ್ತಾನೆಯೇ, ನಮ್ಮ ಮನೆಯ ಮಹಾರಾಣಿಗೆ ಸ್ವಾಗತ, ಫೋಟೊದ ಜಾಗ ಮಾತ್ರ ಖಾಲಿ ಬಿಟ್ಟಿದ್ದಾನೆ, ಗುಂಡಗೆ, ಬಿಳಿ. ಬಂದವನೇ ಡಬ್ಬಿಯ ದಾರ ಬಿಚ್ಚಲು ಹೋದ, ಅತ್ತೆ ಅವನ ಕೈ ಮೇಲೆ ಹೊಡೆದರು, ಲೇ ಕಾಂತ್ಯಾ, ಮೊದಲ ಕೂಸಿನ ಸಕ್ಕರಿ ಏರಲಿ, ಆಮ್ಯಾಲ ಊರಿಗೆ ಪೇಢೆ. ಪಾಪ, ಅವನ ಮುಖ, ಅಂಬುಲೆನ್ಸಿನ ಮಾತು ಅವನಿಗೆ ಆಗ ತಿಳಿದದ್ದು, ಈಗ ಹೊರಗೆ ಓಡಾಡುತ್ತಿದ್ದಾನೆ, ಚಪ್ಪಲಿಯ ಸದ್ದು ಬರುತ್ತದೆ, ಹೋಗುತ್ತದೆ, ದಾರ ಕಟ್ಟಿದ ಡಬ್ಬಿ ಇಲ್ಲಿ ನನ್ನ ತಲೆಯ ಬಳಿಯ ಕಪಾಟಿನ ಮೇಲೆ ಕೂತಿದೆ.

ಆಮೇಲೆ ಕೂಸನ್ನು ನನ್ನ ಎದೆಗೆ ಹಚ್ಚಿದರು, ಬಿಸಿ, ಮೆತ್ತಗೆ, ತಲೆಯಿಂದ ಹೊಸ ಹಿಟ್ಟಿನ ವಾಸನೆ, ಬಾಯಿ ತೆರೆಯಿತು, ಎರಡು ಸಲ ಚೀಪಿತು, ಅಲ್ಲೇ ಮಲಗಿತು, ನಾನು ಕೆನ್ನೆ ತಟ್ಟಿದೆ, ಅವ್ವ ಅಂಗಾಲು ಉಜ್ಜಿದಳು, ಊಹೂಂ, ಇಷ್ಟೊಂದು ಗುಂಡಗಿದ್ದೂ ಚೀಪುವಷ್ಟು ತ್ರಾಣವಿಲ್ಲ ಅದಕ್ಕೆ, ಎಷ್ಟು ಹೆದರಿದೆ ನಾನು, ಹೆದರಿದ್ದು ಯಾರಿಗೂ ತಿಳಿಯದ ಹಾಗೆ ಮಾಡಿ ಸಿಸ್ಟರನ್ನು ನೋಡಿದೆ, ಹಂಗಾರ ಹಿಂಡಿ ಚಮಚಾದಾಗ ಕೊಡೋಣ್ರಿ, ಅಂದಳು, ಮೊದಲ ಹಾಲು ನಾಕ ಹನಿ ಬಂದರೂ ಸಾಕು, ಅದು ಭಾಳ ಗಟ್ಟಿ. ಆಗ, ಬೆಳಿಗ್ಗೆಯಿಂದ ಮೊಟ್ಟಮೊದಲ ಸಲ, ಅವ್ವನಿಗೂ ಅತ್ತೆಗೂ ಒಮ್ಮತವಾಯಿತು — ಅಯ್ಯ, ಆ ಹಳದಿ ಹಾಲೇನ್ರಿ, ಅದನ್ನ ಕೂಸಿಗೆ ಕೊಡತಾರೇನ, ಕೆಟ್ಟ ಹಾಲು ಅದು, ಹೊಟ್ಟಿ ನೋಯತೈತಿ, ಮೂರ ದಿನ ಹಿಂಡಿ ಚೆಲ್ಲಬೇಕು, ನಾವೂ ಚೆಲ್ಲೇವಿ, ನಮ್ಮವ್ವಂದಿರೂ ಚೆಲ್ಲ್ಯಾರ, ಹೌದಿಲ್ರಿ ಬೀಗತಿ, ಹೌದ್ರಿ ಬೀಗತಿ. ಹಪ್ಪಳವೂ ಮರೆತುಹೋಯಿತು ಕಂಡಕ್ಟರನೂ ಮರೆತುಹೋದ. ಸಿಸ್ಟರ್ ಹೇಳುತ್ತಾಳೆ, ಇವರು ತಲೆ ಆಡಿಸುತ್ತಾರೆ, ಆಡಿಸಿ ಅದನ್ನೇ ಮತ್ತೆ ಹೇಳುತ್ತಾರೆ, ಪಕ್ಕದ ಮಂಚದ ಬಾಣಂತಿಯ ಅಜ್ಜಿಯೂ ಅಲ್ಲಿಂದಲೇ ಹೌದು ಹೌದು, ತಾಸು ಓಡುತ್ತಿದೆ, ನನಗೆ ಸಿಟ್ಟು ಬಂತು, ಕಾಲಿಲ್ಲದ ಸಿಟ್ಟು, ಎದ್ದು ನಿಲ್ಲಲಾಗದ ಸಿಟ್ಟು, ಕಿಟಕಿಯ ಆಚೆ ಯಾರದೋ ಎಮ್ಮೆ ಕೂಗಿತೋ ಅಥವಾ ನನ್ನ ತಲೆಯಲ್ಲೇ ಕೂಗಿತೋ, ನಮ್ಮ ಚಂದ್ರಿ ನೆನಪಾದಳು, ಮೊನ್ನೆ ದೀಪಾವಳಿ ಆದ ಮೇಲೆ ಈದ ಎಮ್ಮೆ, ಮನೆಯಲ್ಲಿ ಗಿಣ್ಣ ಮಾಡಿದ್ದರು, ಏಲಕ್ಕಿ ಹಾಕಿ, ಬೆಲ್ಲ ಹಾಕಿ, ಹಬೆಯಲ್ಲಿ ಬೆಂದು ಅಲುಗಾಡುವ ಗಿಣ್ಣ, ನನ್ನ ಪಾಲಿಗೆ ವಾಸನೆ ಮಾತ್ರ, ಆದರೆ ಅದಕ್ಕೂ ಮೊದಲು, ಕಾಂತೇಶ ಚರಿಗೆ ತೆಗೆದುಕೊಂಡು ಹೋದಾಗ ಅತ್ತೆ ಹಗ್ಗ ಹಿಡಿದು ಅಡ್ಡ ನಿಂತಿದ್ದರು, ಮುಟ್ಟೀಯ ಗಿಟ್ಟೀಯ, ಮೊದಲ ಕರಾ ಕುಡೀಲಿ, ಈ ಹಾಲು ಹೋಗಲಿಲ್ಲಂದ್ರ ಅದು ಕಾಲ ಮ್ಯಾಲ ನಿಲ್ಲಂಗಿಲ್ಲ. ಅತ್ತಿ, ಎಂದೆ. ದನಿ ಎಷ್ಟು ಗಟ್ಟಿ ಬಂತೆಂದರೆ ವಾರ್ಡೆಲ್ಲ ನನ್ನ ಕಡೆ ತಿರುಗಿತು. ಅತ್ತಿ, ಚಂದ್ರಿ ಈದಾಗ ಮೊದಲಿನ ಹಾಲು ಯಾರಿಗೆ ಬಿಟ್ರಿ? ಕರಕ್ಕ, ಅಂದರು. ಅದರ ಬಣ್ಣ ಯಾವುದಿತ್ತರಿ? ಅತ್ತೆ ನನ್ನನ್ನು ನೋಡಿದರು, ಕೂಸನ್ನು ನೋಡಿದರು, ಕುಬಸದ ದಿನ ಇರುವೆ ನೋಡಿದ ಹಾಗೇ ಒಂದೊಂದಾಗಿ, ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು, ಸೋಪು ಎಲ್ಲೈತ್ರಿ ಸಿಸ್ಟರ್, ಅಂದರು.

ಮೊಣಕೈತನಕ ತೊಳೆದ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮಂಚದ ಮೇಲೆ ಕೂತರು, ಮದುವೆಯಾದ ಮೂರು ವರ್ಷದಲ್ಲಿ ಅತ್ತೆ ನನ್ನ ಮಂಚದ ಮೇಲೆ ಕೂತದ್ದೇ ಇಲ್ಲ, ಉಡಿ ತುಂಬುವಾಗ, ಬಳೆ ಏರಿಸುವಾಗ ಮುಟ್ಟಿದ್ದು ಬಿಟ್ಟರೆ ಮುಟ್ಟಿದ್ದೂ ಇಲ್ಲ, ನನ್ನ ಒಂದು ಕೈಗೆ ಸಲೈನು, ಇನ್ನೊಂದರಿಂದ ಹಿಂಡಿದರೆ ಚಮಚ ಹಿಡಿಯಲಾಗದು, ದಾರ ಹಿಡಿದು ಹುಬ್ಬಿನ ಒಂದೊಂದೇ ಕೂದಲು ಕೀಳುವ ಕೈ ಇವತ್ತೇ ಕೈಕೊಡಬೇಕೆ, ಅವ್ವ ಕೂಸನ್ನು ಹಿಡಿದಿದ್ದಾಳೆ, ಸಿಸ್ಟರಿಗೆ ಆಚೆಯ ಕೋಣೆಯಿಂದ ಕರೆ ಬರುತ್ತಲೇ ಇದೆ, ಉಳಿದದ್ದು ಅತ್ತೆಯ ಕೈ. ನಾನು ಕಣ್ಣು ಮುಚ್ಚಿದೆ. ಅತ್ತೆ ಹಿಡಿದು ಜಗ್ಗಿದರು — ಯವ್ವಾ! ಅತ್ತಿ, ನಾ ಚಂದ್ರಿ ಅಲ್ಲರಿ! ಜಗ್ಗಬ್ಯಾಡ್ರಿ ಆಯಿ, ಎಂದು ಸಪ್ನಾ ಸಿಸ್ಟರ್ ಅವರ ಕೈ ಬಿಡಿಸಿ ತನ್ನ ಕೈ ಇಟ್ಟು ತೋರಿಸಿದಳು, ಹೆಬ್ಬಟ್ಟು ಮ್ಯಾಲ, ಬೆರಳು ಕೆಳಗ, ತುದಿ ಹಿಡೀಬಾರದು, ಸ್ವಲ್ಪ ಹಿಂದ, ಮೊದಲ ಎದಿ ಕಡೆ ಒತ್ತರಿ, ಆಮ್ಯಾಲ ಎರಡೂ ಬೆರಳ ಕೂಡಸ್ರಿ, ಬಿಡ್ರಿ, ಮತ್ತ ಒತ್ತರಿ. ಹಿಂದಕ್ಕ ಒತ್ತೂದೇನ್ರಿ, ಅತ್ತೆಗೆ ಆಶ್ಚರ್ಯ, ಇಷ್ಟ ವರ್ಷ ಮುಂದಕ್ಕ ಜಗ್ಗಿದ ಕೈ, ಈಗ ಹಿಂದಕ್ಕ ಕಲೀಬೇಕಾತು, ಸಾಲಿಗೆ ಹಾಕಿದಂಗ ಆತಲ್ಲ ನನ್ನ. ಕಲಿತರು. ಒತ್ತು, ಕೂಡಿಸು, ಬಿಡು, ಏನೂ ಇಲ್ಲ, ಒತ್ತು, ಕೂಡಿಸು, ಬಿಡು, ಏನೂ ಇಲ್ಲ, ಸಿಸ್ಟರ್ ಆಚೆ ಓಡಿದಳು, ಕೂಸಿನ ತಲೆ ಅವ್ವನ ತೋಳಿನಿಂದ ಜಾರಿ ಜೋತಾಡಿತು, ಬರತೈತಿ ಬರತೈತಿ ಎಂದು ಅವ್ವ ಯಾರಿಗೆ ಹೇಳುತ್ತಿದ್ದಾಳೋ, ಅತ್ತೆಯ ಬಾಯಿಂದ ತನ್ನಿಂದ ತಾನೇ ಹೊರಟಿತು, ಹೋ ಹೋ, ನಿಂದರ ನನ್ನವ್ವ, ನಿಂದರ, ಬಿಡ ತಾಯಿ ಬಿಡ, ಚಂದ್ರಿಗೆ ಹೇಳುವ ರಾಗದಲ್ಲೇ, ನನ್ನ ಭುಜ ಸವರುತ್ತ, ನನಗೆ ನಗು ತಡೆಯಲಿಲ್ಲ, ನಕ್ಕೆ, ಹೊಲಿಗೆ ಕಿತ್ತುಬರುತ್ತದೆ ಎನ್ನುವ ಹಾಗೆ ನಕ್ಕೆ, ಕಣ್ಣಲ್ಲಿ ನೀರು ಬಂತು, ನಗುವಿನದೋ ನೋವಿನದೋ ಹೆದರಿಕೆಯದೋ ಗೊತ್ತಿಲ್ಲ, ಅತ್ತೆಯೂ ನಕ್ಕರು, ಪಕ್ಕದ ಮಂಚವೂ ನಕ್ಕಿತು, ಮೈ ಸಡಿಲಾಯಿತು ಕಾಣುತ್ತದೆ, ಅತ್ತೆಯ ಬೆರಳ ನಡುವೆ ಒಂದು ಹನಿ. ಹಳದಿ. ಗಟ್ಟಿ. ಬೀಳಲೊಲ್ಲದು, ಚಮಚದ ಅಂಚಿಗೆ ತಗುಲಿ ನಿಂತಿತು, ಅತ್ತೆ ಅದನ್ನು ನೋಡುತ್ತಲೇ ಕೂತರು, ಅಯ್ಯ ನನ್ನವ್ವ, ಇದು ಗಿಣ್ಣದ ಹಾಲ ಐತಲ್ಲ, ಅಂದರು. ಆಮೇಲೆ ಇನ್ನೊಂದು. ಚಮಚದ ತಳ ಮುಚ್ಚಿತು. ಅವ್ವ ಅಂಗಾಲು ಉಜ್ಜಿ ಎಬ್ಬಿಸಿದಳು, ಕೆಳತುಟಿಗೆ ಚಮಚ ಆನಿಸಿದರು, ತುಟಿ ಅಲುಗಿತು, ನಾಲಿಗೆ ಹೊರಬಂದು ಅಂಚು ಮುಟ್ಟಿತು, ಒಳಗೆ ಹೋಯಿತು, ಮತ್ತೆ ಬಂತು, ಗುಟುಕ್, ಇಷ್ಟೇ ಇಷ್ಟು ಸದ್ದು, ವಾರ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. ಚಮಚ ತುಂಬುತ್ತ ಕುಡಿಸುತ್ತ, ಕುಡಿಸುತ್ತ ತುಂಬುತ್ತ, ಕೊನೆಗೆ ತಳದಲ್ಲಿ ಅಂಟಿದ್ದನ್ನು ಅತ್ತೆ ತೊಳೆದ ಕಿರುಬೆರಳಿನಿಂದ ಸವರಿ ಅದರ ಬಾಯಿಗಿಟ್ಟರು, ಕೂಸು ಬೆರಳನ್ನು ಕಚ್ಚಿ ಹಿಡಿಯಿತು, ಬಿಡಲೊಲ್ಲದು. ಆತಲ್ಲ ಬೀಗತಿ, ಅಂದಳು ಅವ್ವ, ದೊಡ್ಡ ಉಸಿರು ಬಿಟ್ಟು, ನಿಮ್ಮ ಸ್ವಭಾವನ ಬಂತ ಇಕಿಗೆ, ಇನ್ನ ಹಪ್ಪಳ ಎಣಿಸಿ ಇಡರಿ.

ಈಗ ಸಪ್ನಾ ಸಿಸ್ಟರ್ ಬಂದಿದ್ದಾಳೆ, ಕೈಯಲ್ಲಿ ಆ ಮಷೀನು, ಕೂಸಿನ ಇನ್ನೊಂದು ಹಿಮ್ಮಡಿ ಹಿಡಿದು ಉಜ್ಜಿ ಬಿಸಿ ಮಾಡುತ್ತಿದ್ದಾಳೆ, ಅತ್ತೆಯ ಕೈ ನನ್ನ ಕೈಯೊಳಗೆ ಯಾವಾಗ ಬಂತು, ಸೋಪಿನ ವಾಸನೆಯ ಒರಟು ಕೈ, ಹೊರಗೆ ಅಂಬುಲೆನ್ಸಿನ ಡ್ರೈವರ್ ಯಾರೊಡನೆಯೋ ನಗುತ್ತಿದ್ದಾನೆ, ನಗಬೇಡಪ್ಪ, ಸ್ವಲ್ಪ ತಡಿ, ಬೆರಳ ತುದಿ ಜುಮ್ ಎನ್ನುತ್ತದೆ ನನಗೆ, ಅಷ್ಟು ತಿಂಗಳು ಚುಚ್ಚಿಸಿಕೊಂಡ ಬೆರಳು, ಚುಚ್ಚುವ ಮೊದಲೇ ನೋಯುತ್ತದೆ — ಟಕ್, ಮತ್ತು ಕೂಸು ಚೀರಿತು. ಮೊದಲ ಸಲ ಚುಚ್ಚಿದಾಗ ಬೆಕ್ಕಿನ ಮರಿಯ ಹಾಗೆ ಕುಂಯ್ ಎಂದು ಸುಮ್ಮನಾದದ್ದು ಇದೇ ಕೂಸೇ, ಕಾಲು ಝಾಡಿಸಿ, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು, ಅಪ್ಪಟ ಸಿದ್ದಲಿಂಗವ್ವ, ಕಾಂತೇಶ ಬಾಗಿಲು ನೂಕಿ ಓಡಿ ಬಂದ, ಯಾಕ್ರಿ, ಏನಾತ್ರಿ, ಯಾಕ ಅಳಾಕ ಹತ್ತೇತಿ? ಅಳಲಿ ಬಿಡೋ! ಎಂದು ಇಬ್ಬರೂ ಅಜ್ಜಿಯರು ಒಂದೇ ಬಾಯಿಯಲ್ಲಿ, ಅಳಲಿ, ಚಲೋ ಅಳಲಿ. ಮಷೀನು ಲೆಕ್ಕ ಹಾಕುತ್ತಿದೆ, ಸಿಸ್ಟರಿನ ಹುಬ್ಬು ನೋಡುತ್ತಿದ್ದೇನೆ, ಹುಬ್ಬು ಓದುವುದು ನನಗೆ ಗೊತ್ತು, ಎಡದ ಹುಬ್ಬು ಮೇಲೆ ಹೋಯಿತು, ನಿಂತಿತು, ಎರಡೂ ಸಡಿಲಾದವು. ಐವತ್ತೊಂದು. ಏರೇತ್ರಿ. ಇನ್ನೊಂದಿಷ್ಟ ಸರತಿ ನೋಡತೇವಿ, ಹಿಂಗ ಹಾಲ ಕೊಡಕೋತ ಇರ್ರಿ, ಬೆಳಗಾವಿ ಏನ ಬ್ಯಾಡ. ಕಾಂತೇಶ ಫ್ಲೆಕ್ಸ್ ಬಿಚ್ಚಿ ಫೋಟೊದ ಬಿಳಿ ಜಾಗದ ಹಿಂದೆ ಮುಖ ಮರೆಸಿಕೊಂಡ, ಅಳುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತು, ಅತ್ತೆ ಡಬ್ಬಿಯ ದಾರವನ್ನು ಹಲ್ಲಿನಿಂದಲೇ ಹರಿದರು, ಮೊದಲ ಪೇಢೆ ಅವ್ವನ ಬಾಯಿಗೆ, ತಗೋರಿ ಬೀಗತಿ, ಎರಡನೆಯದು ಸಿಸ್ಟರಿಗೆ, ಮೂರನೆಯದು ಪಕ್ಕದ ಮಂಚದ ಅಜ್ಜಿಗೆ, ನನಗ್ರಿ? ನಿಮಗಿಲ್ಲ, ಅಂದಳು ಸಪ್ನಾ ಸಿಸ್ಟರ್, ಇವತ್ತ ಆಪರೇಷನ್ ಆಗೇತಿ, ನಾಳಿ ನಿಮ್ಮ ಸಕ್ಕರಿ ನೋಡಿ ಆಮ್ಯಾಲ, ನೋಡಿದಿರಾ ನನ್ನ ಹಣೆಬರಹ, ಕುಬಸದಲ್ಲಿ ಇಲ್ಲ, ಗಿಣ್ಣ ಇಲ್ಲ, ಹಡೆದರೂ ಪೇಢೆ ಇಲ್ಲ, ಹೋಗಲಿ ಬಿಡಿ, ಕೂಸು ಎದೆಯ ಮೇಲಿದೆ, ಬಿಕ್ಕುತ್ತಿದೆ, ಬಿಸಿ, ಹುಬ್ಬು ಅಪ್ಪನದು, ಅಂಕುಡೊಂಕು, ದೊಡ್ಡವಳಾದ ಮೇಲೆ ನಾನೇ ತಿದ್ದುತ್ತೇನೆ, ಇಲ್ಲ, ತಿದ್ದುವುದಿಲ್ಲ, ಹಾಗೇ ಇರಲಿ, ಎಲ್ಲಿ ಹೋಯಿತು ಇರುವೆ, ಗೋಡೆಯ ಮೇಲಿಲ್ಲ, ಕಿಟಕಿಯಲ್ಲಿಲ್ಲ — ಇಲ್ಲಿದೆ, ನನ್ನ ತಲೆಯ ಬಳಿಯ ಕಪಾಟಿನ ಮೇಲೆ, ಪೇಢೆಯ ಡಬ್ಬಿ ಬಾಯಿ ತೆರೆದುಕೊಂಡು ಕೂತಿದೆ, ಸುತ್ತ ಪುಡಿ ಚೆಲ್ಲಿದೆ, ಅದರ ಪಕ್ಕದಲ್ಲೇ ಹಾದು ಹೋಗುತ್ತಿದೆ, ನಿಲ್ಲಲಿಲ್ಲ, ಅತ್ತ ಇಟ್ಟ ಚಮಚದ ಕಡೆ, ಸಿಸ್ಟರ್ ಒರೆಸಲು ಬಟ್ಟೆ ಎತ್ತಿದಳು, ಇರಲಿ ಬಿಡ್ರಿ ಸಿಸ್ಟರ್, ಒಂದ ನಿಮಿಷ, ಚಮಚದ ಹಿಡಿಕೆ ಹತ್ತಿತು, ಅಂಚಿಗೆ ಬಂತು, ಅಲ್ಲಿ ಒಂದು ಹನಿ ಉಳಿದಿದೆ, ಹಳದಿ, ಒಣಗುತ್ತಿದೆ, ಇರುವೆ ನಿಂತಿತು, ಮೀಸೆ ಆಡಿಸಿತು, ತಲೆ ಬಗ್ಗಿಸಿತು, ಚಮಚದ ಅಂಚು, ಹಳದಿ ಹನಿ, ಇರುವೆ